ದುಡ್ಡು ಕೊಟ್ಟು ನೇಪಾಳಕ್ಕೆ ಸ್ವಯಂಸೇವೆಗೆ ಹೋಗುವುದು: ಇದರಿಂದ ಯಾರಿಗೆ ಉಪಯೋಗ?

ಕುವೆಂಪುನಗರದ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಬಿಎಸ್ಸಿ ಮುಗಿಸಿದ್ದಾಳೆ. ಕೆಲಸಕ್ಕೆ ಸೇರುವ ಮೊದಲು ಎರಡು ವಾರ ನೇಪಾಳದ ಚಿತ್ವನ್‌ಗೆ ಹೋಗಿ ಸ್ವಯಂಸೇವೆ ಮಾಡಬೇಕಂತೆ. ಒಂದು ವಾರ ‘ವನ್ಯಜೀವಿ ಸಂರಕ್ಷಣೆ’, ಇನ್ನೊಂದು ವಾರ ‘ಗ್ರಾಮಾಭಿವೃದ್ಧಿ’. ಏಜೆನ್ಸಿಯವರು ಕಳಿಸಿದ ಪಿಡಿಎಫ್ ನೋಡಿದೆ. ಮೊದಲ ವಾರ ಘೇಂಡಾಮೃಗ ಎಣಿಸುವುದು, ಆನೆಗೆ ಸ್ನಾನ ಮಾಡಿಸುವುದು, ಸಂಜೆ ಕುಣಿತ. ಎರಡನೇ ವಾರ ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಪಾಠ. ಕೊನೇ ದಿನ ಸರ್ಟಿಫಿಕೇಟ್. ಶುಲ್ಕ 88 ಸಾವಿರ ರೂಪಾಯಿ. ವಿಮಾನದ ಖರ್ಚು ಬೇರೆ, ಅದು ನಮ್ಮದೇ.

ನನ್ನ ತಲೆಗೆ ಹೋಗದ ವಿಷಯ ಒಂದೇ. ಸೇವೆ ಮಾಡುವವಳು ಇವಳು, ದುಡ್ಡು ಕೊಡುವವಳೂ ಇವಳೇ (ಅಂದರೆ ನಾನೇ). ನಮ್ಮ ಕಾಲದಲ್ಲಿ ಎನ್ನೆಸ್ಸೆಸ್ ಕ್ಯಾಂಪಿಗೆ ಹೋದರೆ ಮಣ್ಣು ಹೊತ್ತರೂ ಅನ್ನ ಸಾಂಬಾರು ಅವರೇ ಹಾಕುತ್ತಿದ್ದರು. ಮಗಳಿಗೆ ಬೇಡ ಅನ್ನಲು ಮನಸ್ಸಿಲ್ಲ. ಅಲ್ಲಿನ ಪ್ರಾಣಿಗೋ ಜನಕ್ಕೋ ನಿಜವಾಗಿ ಉಪಯೋಗ ಆಗುತ್ತದಾ? ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ. ಏಜೆನ್ಸಿ ಹೆಸರು ಇಲ್ಲಿ ಹಾಕುವುದಿಲ್ಲ.

ಸೋಮಾರಿ ಸಿದ್ದ

ಸರ್, ಅದಕ್ಕೆ ಪ್ಯಾಕೇಜ್ ಟೂರ್ ಅಂತಾರೆ. ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡರೆ ಸ್ವಯಂಸೇವೆ, ಹಿಡಿಯದಿದ್ದರೆ ಪ್ರವಾಸ. ವ್ಯತ್ಯಾಸ 60 ಸಾವಿರ.

ಚಿಟ್ಟೆ

ನಾನು ಹೋಗಿದ್ದೆ. ಅದೇ ಚಿತ್ವನ್, ಕಾಡಂಚಿನ ಪ್ರವಾಸಿ ಊರು ಸೌರಾಹಾ ಪಕ್ಕದ ಹಳ್ಳಿ. ಆಗ ನನಗೂ ಇಪ್ಪತ್ತೆರಡೇ. ಸುಮ್ನೆ ಬೈಯಲು ಬರೆಯುತ್ತಿಲ್ಲ, ನಡೆದದ್ದು ಹೇಳುತ್ತೇನೆ.

ಶಾಲೆಗೆ ಮೊದಲ ದಿನ ಹೋದೆ. ಮೂರನೇ ಕ್ಲಾಸು. ಸೀಮೆಸುಣ್ಣ ಕೈಗೆ ತೆಗೆದುಕೊಂಡೆ, ಎದುರಿಗಿದ್ದ ಒಂದು ಹುಡುಗಿ ಪಕ್ಕದವಳಿಗೆ ಏನೋ ಹೇಳಿದಳು, ಇಡೀ ಬೆಂಚು ನಕ್ಕಿತು. ಅಲ್ಲಿನ ಟೀಚರಮ್ಮನನ್ನು ಕೇಳಿದೆ. ಆಕೆಗೆ ಸಂಕೋಚ, ಆದರೂ ಹೇಳಿದರು: ‘ಇವತ್ತು ಹೆಸರು ಕೇಳುವುದು, ನಾಳೆ ಪ್ರಾಣಿಗಳ ಚಿತ್ರ, ನಾಡಿದ್ದು ಹಾಡು, ಶುಕ್ರವಾರ ಚಾಕಲೇಟ್’ ಅಂದಳಂತೆ ಆ ಹುಡುಗಿ. ನನ್ನ ಬ್ಯಾಗಿನಲ್ಲಿ ಪ್ರಾಣಿಗಳ ಚಿತ್ರದ ಚಾರ್ಟ್ ಇತ್ತು. ಚಾಕಲೇಟೂ ಇತ್ತು.

ವಾರಕ್ಕೊಬ್ಬರು ಬರುತ್ತಾರೆ, ಎಲ್ಲರೂ ಮೊದಲಿಂದ ಶುರು ಮಾಡುತ್ತಾರೆ. ನಾವು ಬಂದಾಗ ಆ ಟೀಚರಮ್ಮ ಹಿಂದಿನ ಬೆಂಚಿನಲ್ಲಿ ಕೂತು ನಮ್ಮನ್ನು ನೋಡಬೇಕು. ಅವರ ಪಾಠ ನಿಂತು ಹೋಗುತ್ತದೆ. ಅದು ನನಗೆ ಹೊಳೆದದ್ದು ವಾಪಸ್ ಬಂದ ಮೇಲೆ.

ಬಿಸಿಬೇಳೆ

ಶುಕ್ರವಾರ ಚಾಕಲೇಟ್ 😂 ಆ ಹುಡುಗಿ ಮುಂದೆ ಪ್ರಾಜೆಕ್ಟ್ ಮ್ಯಾನೇಜರ್ ಆಗುತ್ತಾಳೆ.

ದೇಶ ಸುತ್ತು

ನೇಪಾಳ ಯಾಕೆ? ನಮ್ಮಲ್ಲಿ ಕಾಡಿಲ್ಲವೇ, ಬಡವರಿಲ್ಲವೇ? ಬಂಡೀಪುರ ಎಂಬತ್ತು ಕಿಲೋಮೀಟರ್. ಮೈಸೂರಿನವರು ಚಿತ್ವನ್‌ಗೆ ಹೋಗುವುದು ಮನೆಯ ದೀಪ ಆರಿಸಿ ಬೀದಿಗೆ ದೀಪ ಹಿಡಿದ ಹಾಗೆ.

ಧಾರವಾಡ ಪೇಡಾ

ನಾನು ಕಠ್ಮಂಡುವಿನಲ್ಲಿ ಆರು ವರ್ಷ ಇದ್ದೆ, ಜಲವಿದ್ಯುತ್ ಕೆಲಸದ ಮೇಲೆ. ಚಿತ್ವನ್ ಕಡೆ ಹತ್ತಾರು ಸಲ ಹೋಗಿದ್ದೇನೆ. ಆ ಜಾಗದ ಕಥೆ ಗೊತ್ತಿಲ್ಲದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ ರೀ.

ಮೊದಲು ಆ ತರಾಯಿ ಕಾಡಿನಲ್ಲಿ, ಅಂದರೆ ಬೆಟ್ಟದ ಬುಡದ ತಗ್ಗು ಬಯಲಿನಲ್ಲಿ, ಭಯಂಕರ ಮಲೇರಿಯಾ. ಅಲ್ಲಿದ್ದು ಬದುಕುತ್ತಿದ್ದವರು ಥಾರು ಜನ, ನದಿಯ ಮೀನು ನಂಬಿದ ಬೋಟೆ ಜನ, ಅಂಥವರು ಮಾತ್ರ. 1950ರ ದಶಕದಲ್ಲಿ ಡಿಡಿಟಿ ಹೊಡೆದು ಸೊಳ್ಳೆ ಓಡಿಸಿದರು. ಬೆಟ್ಟದ ಕಡೆಯ ಜನ ಇಳಿದು ಬಂದು ಕಾಡು ಕಡಿದು ಗದ್ದೆ ಮಾಡಿದರು. 1960ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಉಳಿದ ಘೇಂಡಾಮೃಗ ಸುಮಾರು ನೂರು. 1973ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು, ನೇಪಾಳದ ಮೊದಲನೆಯದು. ಎರಡು ವರ್ಷಕ್ಕೆ ಕಾವಲಿಗೆ ಸೇನೆಯೇ ಬಂತು. ಊರಿನವರಿಗೆ ಹುಲ್ಲು ಹೋಯಿತು, ಸೌದೆ ಹೋಯಿತು, ಮೀನು ಹೋಯಿತು. ಕಾಡಿಗೂ ಊರಿಗೂ ಹಾವು ಮುಂಗುಸಿ ಸಂಬಂಧ.

ಬದಲಾದದ್ದು 1990ರ ದಶಕದಲ್ಲಿ. 1993ರಲ್ಲಿ ಕಾನೂನು ತಿದ್ದಿದರು, 1996ರಲ್ಲಿ ನಿಯಮ ಬಂತು: ಉದ್ಯಾನದ ಆದಾಯದಲ್ಲಿ ನೂರಕ್ಕೆ 30ರಿಂದ 50ರಷ್ಟು ಸುತ್ತಲಿನ ಊರುಗಳಿಗೆ. ಟಿಕೆಟ್ ದುಡ್ಡಿನಲ್ಲಿ ಪಾಲು ಅಂತ ಇಟ್ಟುಕೊಳ್ಳಿ. ಊರಿನವರದೇ ಸಮಿತಿ, ಬೇಲಿಗೋ ರಸ್ತೆಗೋ ಶಾಲೆಗೋ ಅವರೇ ತೀರ್ಮಾನ ಮಾಡಬೇಕು. ಈ ಪಟ್ಟಿಗೆ ನೇಪಾಳಿಯಲ್ಲಿ ‘ಮಧ್ಯವರ್ತಿ ಕ್ಷೇತ್ರ’ ಎನ್ನುತ್ತಾರೆ, ಅಂದರೆ ಬಫರ್ ಜೋನ್. ಮೊದಲ ಸಲ ಬೋರ್ಡ್ ಓದಿ, ದಲ್ಲಾಳಿಗಳಿಗೂ ಇಲ್ಲಿ ಒಂದು ಕ್ಷೇತ್ರ ಬಿಟ್ಟುಕೊಟ್ಟಿದ್ದಾರಲ್ಲಾ ಅಂದುಕೊಂಡಿದ್ದೆ.

ಸೌರಾಹಾ ಪಕ್ಕದಲ್ಲೇ ಬಾಘ್‌ಮಾರಾ ಅಂತ ಒಂದು ಸಮುದಾಯ ಅರಣ್ಯ ಇದೆ. 1980ರ ದಶಕದ ಕೊನೆಯಲ್ಲಿ ಅದು ದನ ಮೇಯ್ದು ಬೋಳಾದ ಜಾಗ. ಊರಿನವರು ಗಿಡ ನೆಟ್ಟರು, ದನ ಬಿಡುವುದು ನಿಲ್ಲಿಸಿದರು. ಈಗ ಅಲ್ಲಿ ಘೇಂಡಾಮೃಗ ಮಲಗಿರುತ್ತದೆ, ನೋಡಲು ಬಂದವರ ಟಿಕೆಟ್ ದುಡ್ಡು ಊರಿಗೆ. ಇನ್ನೊಂದು, ಕಳ್ಳಬೇಟೆ ತಡೆಯಲು ಊರೂರಿನಲ್ಲಿ ಹುಡುಗರ ತಂಡಗಳಿವೆ. ಟಾರ್ಚು, ಬಡಿಗೆ ಹಿಡಿದು ಸುತ್ತುತ್ತಾರೆ. ಊರಿಗೆ ಹೊಸಬ ಬಂದು ವಾರ ಉಳಿದರೆ ಸುದ್ದಿ ಮುಟ್ಟಿಸುತ್ತಾರೆ. ನಿಜವಾದ ಸ್ವಯಂಸೇವಕರು ಅವರು. ಅವರ ಹತ್ತಿರ ಯಾರೂ 88 ಸಾವಿರ ಕೇಳಲಿಲ್ಲ.

ಸೋಮಾರಿ ಸಿದ್ದ

ಮಧ್ಯವರ್ತಿ ಕ್ಷೇತ್ರ ಅಂದರೆ ಈ ಅಪ್ಪನವರಿಗೆ ಪಿಡಿಎಫ್ ಕಳಿಸಿದವರ ಆಫೀಸು ಇರುವ ಜಾಗ ಅನ್ನಿ.

ಲೆಕ್ಕದ ಪುಸ್ತಕ

ಪೇಡಾ ಅವರೇ, ಕಥೆ ಚೆನ್ನಾಗಿದೆ, ಆದರೆ ಅರ್ಧ. ಘೇಂಡಾಮೃಗ ಉಳಿಸಿದ್ದು ಬಂದೂಕು, ಸಮಿತಿ ಅಲ್ಲ. ಮಾವೋವಾದಿ ಗಲಾಟೆಯ ಹೊತ್ತಿನಲ್ಲಿ ಸೇನೆ ಕಾಡೊಳಗಿನ ಠಾಣೆಗಳನ್ನು ಕಡಿಮೆ ಮಾಡಿತು. ಏನಾಯಿತು? 2000ದಲ್ಲಿ ಚಿತ್ವನ್‌ನಲ್ಲಿ 544 ಇದ್ದದ್ದು 2005ಕ್ಕೆ 372ಕ್ಕೆ ಇಳಿಯಿತು. ನಿಮ್ಮ ಸಮಿತಿಗಳು ಆಗಲೂ ಇದ್ದವು ಅಲ್ವಾ?

ಧಾರವಾಡ ಪೇಡಾ

ಇದ್ದವು. ನಿಮ್ಮ ಮಾತು ಒಪ್ಪುತ್ತೇನೆ. ಬಂದೂಕು ಹಿಡಿದ ಕಳ್ಳ ಬಂದರೆ ಬಡಿಗೆ ಹಿಡಿದ ಹುಡುಗ ಏನು ಮಾಡಿಯಾನು?

ಆದರೆ ಮುಂದಿನ ಭಾಗವನ್ನೂ ಹೇಳಿ. ಶಾಂತಿ ಆದ ಮೇಲೆ ಸೇನೆಯೂ ವಾಪಸ್ ಬಂತು, ಊರಿನ ತಂಡಗಳೂ ಬೆಳೆದವು. 2011ರಲ್ಲಿ ಇಡೀ ನೇಪಾಳದಲ್ಲಿ ಒಂದು ಘೇಂಡಾಮೃಗವೂ ಕಳ್ಳಬೇಟೆಗೆ ಬಲಿಯಾಗಲಿಲ್ಲ. ಆಮೇಲೂ ಅಂಥ ವರ್ಷಗಳು ಬಂದವು. 2021ರ ಎಣಿಕೆಯಲ್ಲಿ ನೇಪಾಳಕ್ಕೆ 752, ಅದರಲ್ಲಿ ಚಿತ್ವನ್ ಒಂದಕ್ಕೇ 694. ಸೇನೆಗೆ ಸುದ್ದಿ ಕೊಡುವವರು ಯಾರು? ಊರಿನವರೇ. ಊರು ಮುನಿಸಿಕೊಂಡಿದ್ದರೆ ಆ ಸುದ್ದಿ ಕಳ್ಳನಿಗೆ ಹೋಗುತ್ತಿತ್ತು.

ಲೆಕ್ಕದ ಪುಸ್ತಕ

ಸರಿ, ಎರಡೂ ಬೇಕು ಅನ್ನೋಣ. ಆದರೆ ಈ ಎರಡರಲ್ಲೂ ಎರಡು ವಾರಕ್ಕೆ ಬಂದ ಮೈಸೂರಿನ ಹುಡುಗಿ ಎಲ್ಲಿ ಬಂದಳು?

ಧಾರವಾಡ ಪೇಡಾ

ಬರಲಿಲ್ಲ. ಅದನ್ನೇ ಇಷ್ಟುದ್ದ ಬರೆದದ್ದು ರೀ.

ಬಿಸಿಬೇಳೆ

ಸೌರಾಹಾದಲ್ಲಿ ಸಸ್ಯಾಹಾರಿ ಊಟ ಸಿಗುತ್ತದಾ? ನಮ್ಮ ಮನೆಯವರು ಡಿಸೆಂಬರಿನಲ್ಲಿ ಹೋಗುವ ಯೋಚನೆ ಮಾಡುತ್ತಿದ್ದಾರೆ.

ಚಿಟ್ಟೆ

ದಾಲ್ ಭಾತ್ ಎಲ್ಲಿ ಹೋದರೂ ಸಿಗುತ್ತದೆ, ಎರಡನೇ ಸಲ ಕೇಳದೆ ಬಡಿಸುತ್ತಾರೆ. ಥಾರು ಮನೆಯಲ್ಲಿ ಉಳಿದರೆ ‘ಘೋಂಗಿ’ ಅಂತ ಒಂದು ಬರುತ್ತದೆ, ಗದ್ದೆಯ ಬಸವನಹುಳು. ಚಿಪ್ಪಿನಿಂದ ಹೀರಿ ತಿನ್ನಬೇಕು. ಕೇಳದೆ ಬಾಯಿಗೆ ಇಡಬೇಡಿ.

ಬಿಸಿಬೇಳೆ

ಆಯಿತು, ಊಟಿಗೇ ಹೋಗುತ್ತೇವೆ.

ಜೋಹಾನ್ಸ್‌ಬರ್ಗ್ ಜೋಯಿಸ

ಹದಿನಾಲ್ಕು ವರ್ಷದಿಂದ ದಕ್ಷಿಣ ಆಫ್ರಿಕಾದಲ್ಲಿದ್ದೇನೆ. ಒಂದು ಎಚ್ಚರಿಕೆ ಹೇಳಿ ಹೋಗುತ್ತೇನೆ. ನೇಪಾಳಕ್ಕೆ ಸಂಬಂಧ ಇಲ್ಲ, ಆದರೆ ವ್ಯಾಪಾರದ ರೀತಿ ಅದೇ.

ಇಲ್ಲಿ ‘ಅನಾಥ ಸಿಂಹದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ’ ಅಂತ ಸ್ವಯಂಸೇವಕರನ್ನು ಕರೆಯುವ ಜಾಗಗಳಿವೆ. ಭಾರತದಿಂದ ಬಂದ ನಮ್ಮ ಪರಿಚಯದ ಹುಡುಗನೊಬ್ಬ ಮೂರು ವಾರ ದುಡ್ಡು ಕಟ್ಟಿ ಹೋಗಿದ್ದ. ಮರಿಗೆ ತಾಯಿ ಇಲ್ಲ ಅಂದಿದ್ದರಂತೆ. ತಾಯಿ ಅದೇ ಜಮೀನಿನ ಆಚೆ ಬೇಲಿಯಲ್ಲಿತ್ತು. ಹುಟ್ಟಿ ಕೆಲವೇ ದಿನಕ್ಕೆ ಮರಿ ಕಿತ್ತುಕೊಂಡರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ, ಇನ್ನೊಂದು ಸೂಲು ಸಿಗುತ್ತದೆ. ಮರಿ ದೊಡ್ಡದಾದ ಮೇಲೆ ‘ಸಿಂಹದ ಜೊತೆ ನಡಿಗೆ’. ಇನ್ನೂ ದೊಡ್ಡದಾದರೆ ಬೇಲಿಯೊಳಗೆ ಬಿಟ್ಟು ಹೊಡೆಯುವ ಬೇಟೆಗಾರರಿಗೆ ಮಾರಾಟ, ಮೂಳೆ ಏಷ್ಯಾಕ್ಕೆ. ಮನುಷ್ಯರ ಕೈಯಲ್ಲಿ ಬೆಳೆದ ಸಿಂಹ ಕಾಡಿಗೆ ಹೋಗಿ ಬದುಕುವುದು ಕನಸಿನ ಮಾತು. ಈ ಸಾಕಾಣಿಕೆ ನಿಲ್ಲಿಸುತ್ತೇವೆ ಅಂತ ಇಲ್ಲಿನ ಸರ್ಕಾರ 2021ರಲ್ಲಿ ಹೇಳಿತು. ಹೇಳಿದಷ್ಟು ಬೇಗ ಆಗುತ್ತಿಲ್ಲ.

ಮುಟ್ಟಲು, ಅಪ್ಪಿಕೊಳ್ಳಲು, ಸ್ನಾನ ಮಾಡಿಸಲು ಬಿಡುತ್ತಾರೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಆ ಪಿಡಿಎಫ್‌ನ ಆನೆ ಸ್ನಾನವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ದೇಶ ಸುತ್ತು

ಆನೆಗೆ ಸ್ನಾನ ಮಾಡಿಸಿದರೆ ಏನು ತಪ್ಪು? ನಮ್ಮ ದುಬಾರೆಯಲ್ಲಿ ಮಾಡಿಸುವುದಿಲ್ಲವೇ?

ಜೋಹಾನ್ಸ್‌ಬರ್ಗ್ ಜೋಯಿಸ

ಆನೆಗೆ ಸ್ನಾನ ಬೇಕಾದರೆ ನದಿ ಇದೆ, ಸೊಂಡಿಲಿದೆ. ದಿನಕ್ಕೆ ನಾಲ್ಕು ಬ್ಯಾಚು ಸ್ನಾನ ಬೇಕಾಗಿರುವುದು ಆನೆಗಲ್ಲ. ದುಬಾರೆ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಬಂದು ಜಗಳ ಆಡುತ್ತೇನೆ.

ಚಿಟ್ಟೆ

ಪಿಡಿಎಫ್‌ನಲ್ಲಿ ಅನಾಥಾಶ್ರಮ ಅಂತ ಎಲ್ಲಾದರೂ ಇದೆಯಾ ನೋಡಿ ಸರ್. ಇದ್ದರೆ ಯೋಚನೆಯನ್ನೇ ಮಾಡಬೇಡಿ. ನೇಪಾಳದಲ್ಲಿ ಅಂಥ ಮನೆಗಳಲ್ಲಿರುವ ಬಹಳಷ್ಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಓದಿಸುತ್ತೇವೆ ಅಂತ ಹಳ್ಳಿಯಿಂದ ಕರೆತಂದು, ಬಂದವರಿಗೆ ತೋರಿಸಿ ದುಡ್ಡು ಎತ್ತುವವರಿದ್ದಾರೆ. 2015ರ ಭೂಕಂಪದ ನಂತರ ಯುನಿಸೆಫ್ ಕೂಡ ಎಚ್ಚರಿಸಿತ್ತು. ಆಸ್ಟ್ರೇಲಿಯಾದವರು 2018ರ ಕಾನೂನಿನ ಹೊತ್ತಿಗೆ ಇದನ್ನು ಆಧುನಿಕ ಗುಲಾಮಗಿರಿಯ ಲೆಕ್ಕಕ್ಕೇ ಸೇರಿಸಿದರು.

ಕುವೆಂಪುನಗರದ ಅಪ್ಪ

ಅನಾಥಾಶ್ರಮ ಇಲ್ಲಮ್ಮ, ಈಗಷ್ಟೇ ಮತ್ತೆ ಪೂರ್ತಿ ಓದಿದೆ. ಆದರೆ ‘ಮಕ್ಕಳೊಂದಿಗೆ ಮರೆಯಲಾಗದ ಕ್ಷಣಗಳು’ ಅಂತ ಎರಡು ಕಡೆ ಇದೆ. ಮರೆಯಲಾಗದ್ದು ಯಾರಿಗೆ ಅಂತ ಬರೆದಿಲ್ಲ.

ಕಾಡುಪಾಪ

ಎಲ್ಲರೂ ಸೇರಿ ಸ್ವಯಂಸೇವೆ ಅನ್ನುವುದನ್ನೇ ಹೂಳುತ್ತಿದ್ದೀರಿ. ನಾನು ಅದರ ಪರ ನಿಲ್ಲುತ್ತೇನೆ.

ಓದುವಾಗ ನಾಗರಹೊಳೆಯಲ್ಲಿ ಲೈನ್ ಟ್ರಾನ್ಸೆಕ್ಟ್ ನಡಿಗೆಗೆ ಹೋಗಿದ್ದೆ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಅಲ್ಲಿ ಶುರು ಮಾಡಿದ ವಿಧಾನ. ಕಾಡಿನಲ್ಲಿ ನೇರ ಗೆರೆ ಎಳೆದಂತೆ ಮೂರ್ನಾಲ್ಕು ಕಿಲೋಮೀಟರ್ ಕಾಲುದಾರಿ. ಇಬ್ಬರು ನಡೆಯಬೇಕು, ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಶುರು. ಮಾತಿಲ್ಲ, ಘಮ್ಮೆನ್ನುವ ಸೋಪಿಲ್ಲ. ಜಿಂಕೆ ಗುಂಪು ಕಂಡರೆ ನಿಂತು ಎಣಿಸಬೇಕು, ಎಷ್ಟು ದೂರ, ದಿಕ್ಸೂಚಿಯಲ್ಲಿ ಎಷ್ಟು ಕೋನ ಅಂತ ಬರೆದುಕೊಳ್ಳಬೇಕು. ಹುಲಿಗೆ ಊಟ ಎಷ್ಟಿದೆ ಅಂತ ತಿಳಿಯುವುದು ಹೀಗೆ. ಒಂದು ದಿನ ದಾರಿಯಲ್ಲಿ ಹೆಣ್ಣಾನೆ, ಮರಿ. ನನ್ನ ಜೊತೆಗಿದ್ದವರು ಸ್ಥಳೀಯರು. ನನ್ನ ಅಂಗಿ ಹಿಡಿದು ಒಂದು ಮರದ ಹಿಂದೆ ಎಳೆದರು, ಗಾಳಿ ಯಾವ ಕಡೆ ಅಂತ ನೋಡಲು ಒಂದು ಚಿಟಿಕೆ ಮಣ್ಣು ಬಿಟ್ಟರು. ನಲವತ್ತು ನಿಮಿಷ ಅಲ್ಲೇ. ಆ ನಲವತ್ತು ನಿಮಿಷ ನನ್ನ ಕಾಲು ನಡುಗುತ್ತಿದ್ದದ್ದು ಈಗಲೂ ನೆನಪಿದೆ.

ನಮ್ಮಿಂದ ಶುಲ್ಕ ತೆಗೆದುಕೊಳ್ಳಲಿಲ್ಲ. ಆದರೆ ಮೊದಲು ತರಬೇತಿ ಕೊಟ್ಟರು, ಆಮೇಲೆ ಪರೀಕ್ಷೆ. ಸರಿಯಾಗಿ ಅಳೆಯಲು ಬರದವರಿಗೆ ಹೊರಡಿ ಅಂದರು. ನನ್ನ ಪ್ರಕಾರ ಗುರುತು ಅದೇ. ನಿಮ್ಮನ್ನು ಬೇಡ ಅನ್ನುವ ಧೈರ್ಯ ಅವರಿಗೆ ಇದೆಯಾ? ದುಡ್ಡು ಕಟ್ಟಿದ ಯಾರನ್ನೂ ಬೇಡ ಅನ್ನದಿದ್ದರೆ ಅವರಿಗೆ ಬೇಕಾಗಿರುವುದು ನಿಮ್ಮ ಕೆಲಸ ಅಲ್ಲ.

ಬಿಸಿಬೇಳೆ

ಉಲ್ಲಾಸ ಕಾರಂತರು ಅಂದರೆ ಶಿವರಾಮ ಕಾರಂತರ ಮಗ ತಾನೆ?

ಕಾಡುಪಾಪ

ಹೌದು.

ಜೇನುಹಟ್ಟಿ

ಕಾಡುಪಾಪ ಅವರೇ, ನಿಮ್ಮ ಅಂಗಿ ಹಿಡಿದು ಎಳೆದವರು ಯಾವ ಜನ ಅಂತ ಬರೆದಿಲ್ಲ. ನಾನು ಜೇನು ಕುರುಬ. ನಮ್ಮಜ್ಜ ಹುಟ್ಟಿದ್ದು ಈಗಿನ ನಾಗರಹೊಳೆ ಉದ್ಯಾನದ ಒಳಗೆ. ಈಗ ನಾವು ಹೊರಗೆ. ಬೋಟೆ ಜನಕ್ಕೆ ಮೀನು ಹೋಯಿತು ಅಂತ ಪೇಡಾ ಅವರು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದರು. ನಮಗೆ ಆ ಸಾಲು ದಾಟಲು ಐವತ್ತು ವರ್ಷ ಸಾಕಾಗಿಲ್ಲ.

ನಮ್ಮ ಹಾಡಿಗೆ, ಅಂದರೆ ನಮ್ಮ ಜನ ಇರುವ ಕೇರಿಗೆ, ಸ್ವಯಂಸೇವಕರು ಬರುತ್ತಾರೆ. ಹಲ್ಲುಜ್ಜುವುದು ಹೇಗೆ ಅಂತ ಹೇಳಿಕೊಟ್ಟು ಹೋದರು ಒಂದು ತಂಡ. ಬ್ರಷ್ಷೂ ಕೊಟ್ಟರು. 2006ರ ಅರಣ್ಯ ಹಕ್ಕು ಕಾಯಿದೆಯ ಅರ್ಜಿ ತುಂಬಿಸಲು ಯಾವ ತಂಡವೂ ಬರಲಿಲ್ಲ. ಅದರಲ್ಲಿ ಫೋಟೋ ಚೆನ್ನಾಗಿ ಬರುವುದಿಲ್ಲ.

ಕಾಡುಪಾಪ

ಅವರೂ ನಿಮ್ಮವರೇ. ಬರೆಯಬೇಕಿತ್ತು, ತಪ್ಪಾಯಿತು.

ಧಾರವಾಡ ಪೇಡಾ

ನನ್ನದೂ ತಪ್ಪು. ಬೋಟೆ ಜನ, ಅವರ ಹಾಗೇ ನದಿ ನಂಬಿದ ಮುಸಹರ್ ಜನ, ಇವರ ಕಷ್ಟ ದೊಡ್ಡದು. ಸಮಿತಿಯ ದುಡ್ಡು ಬಂದರೂ ಭೂಮಿ ಇದ್ದವರ ಬೇಲಿಗೆ ಮೊದಲು, ದೋಣಿ ಇದ್ದವರಿಗೆ ಆಮೇಲೆ. ಅಲ್ಲಿ ಕೂತು ಮಾತಾಡಿದಾಗ ನಾನೇ ಕೇಳಿದ ದೂರು ಇದು.

ಕೋಟೆ ಹುಡುಗ

ಎಚ್.ಡಿ.ಕೋಟೆ ಕಡೆಯವನು. ನಮ್ಮ ಹೊಲಕ್ಕೂ ಕಾಡಿಗೂ ಮಧ್ಯ ಒಂದು ಆನೆ ಕಂದಕ, ಅದೂ ಮಣ್ಣು ಕುಸಿದು ಅರ್ಧ ಮುಚ್ಚಿದೆ.

ಹೊರಗಿನವರಿಂದ ಏನು ಉಪಯೋಗ ಅಂದರೆ ನನಗೆ ಗೊತ್ತಿರುವ ಒಂದು ಹೇಳುತ್ತೇನೆ. ವೈಲ್ಡ್ ಸೇವೆ ಅಂತ 2015ರಲ್ಲಿ ಶುರುವಾಯಿತು, ಬಂಡೀಪುರ ನಾಗರಹೊಳೆ ಸುತ್ತ. ಕೃತಿ ಕಾರಂತ್ ಅವರ ಸಂಸ್ಥೆಯದು. ಆನೆ ಬೆಳೆ ತಿಂದರೆ, ಹುಲಿ ದನ ಹಿಡಿದರೆ ಒಂದು ನಂಬರಿಗೆ ಫೋನ್ ಮಾಡಬೇಕು, ದುಡ್ಡಿಲ್ಲ. ಹತ್ತಿರದ ಊರಿನ ಹುಡುಗನೇ ಬೈಕಿನಲ್ಲಿ ಬರುತ್ತಾನೆ. ಅವನಿಗೆ ಸಂಬಳ ಇದೆ, ಅದನ್ನು ಗಮನಿಸಿ. ಫೋಟೋ ಹೊಡೆದು, ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಎಲ್ಲ ಜೋಡಿಸಿ ಪರಿಹಾರದ ಅರ್ಜಿ ಹಾಕಲು ಸಹಾಯ ಮಾಡುತ್ತಾನೆ. ಅಷ್ಟೇ. ನಮ್ಮಪ್ಪ ಮೊದಲು ಒಂದು ಅರ್ಜಿಗೆ ಮೂರು ಸಲ ಬಸ್ ಹತ್ತುತ್ತಿದ್ದರು. ಬಸ್ ಚಾರ್ಜು, ಕಳೆದ ಕೂಲಿ ಸೇರಿಸಿದರೆ ಪರಿಹಾರ ಅಲ್ಲಿಗಲ್ಲಿಗೆ. ಅದಕ್ಕೆ ಸುಮಾರು ಜನ ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಸಿಟ್ಟು ಮಾತ್ರ ಉಳಿಯುತ್ತಿತ್ತು.

ಆ ಸಿಟ್ಟು ಹುಲಿಗೆ ವಿಷ ಆಗುತ್ತದೆ. ಇದು ಪಟ್ಟಣದವರಿಗೆ ಅರ್ಥ ಆದರೆ ಸಾಕು.

ಧಾರವಾಡ ಪೇಡಾ

ಅಲ್ಲೂ ಇದೇ. ನೇಪಾಳದಲ್ಲಿ 2009ರಲ್ಲಿ ಹುಲಿ 121, 2022ಕ್ಕೆ 355. ಜಗತ್ತೆಲ್ಲ ಚಪ್ಪಾಳೆ ಹೊಡೆಯಿತು. ಪಶ್ಚಿಮ ನೇಪಾಳದ ಹುಲಿ ಕಾಡು ಬರ್ದಿಯಾ ಕಡೆ ಸೌದೆಗೆ ಹೋದ ಹೆಂಗಸನ್ನು ಹುಲಿ ಎತ್ತಿದರೆ ಚಪ್ಪಾಳೆ ಹೊಡೆದವರು ಇರುವುದಿಲ್ಲ. ಸತ್ತರೆ ಪರಿಹಾರ ಹತ್ತು ಲಕ್ಷ ನೇಪಾಳಿ ರೂಪಾಯಿ. ನಮ್ಮ ನೂರಕ್ಕೆ ಅವರದು ನೂರ ಅರವತ್ತು, ಅಂದರೆ ನಮ್ಮ ಲೆಕ್ಕದಲ್ಲಿ ಆರೂಕಾಲು ಲಕ್ಷ. ಗೋಬರ್ ಗ್ಯಾಸ್ ಹಾಕಿಸಿಕೊಟ್ಟ ಊರುಗಳಲ್ಲಿ ಹೆಂಗಸರು ಕಾಡಿಗೆ ಹೋಗುವುದು ಕಡಿಮೆಯಾಗಿದೆ. ಒಂದು ಗುಂಡಿ, ಎರಡು ಎಮ್ಮೆ, ಒಂದು ಒಲೆ. ನನ್ನ ಕೇಳಿದರೆ 88 ಸಾವಿರ ಅಲ್ಲಿಗೆ ಹೋಗಲಿ ಅನ್ನುತ್ತೇನೆ.

ಅಡ್ಯಾರ್ ಕನ್ನಡತಿ

ಕೈ ಬೇಕಾದ ಕೆಲಸವೂ ಇದೆ ಅಂತ ಹೇಳಲು ಬಂದೆ. ಚೆನ್ನೈನಲ್ಲಿ 1988ರಿಂದ ವಿದ್ಯಾರ್ಥಿಗಳ ಒಂದು ಆಮೆ ತಂಡ ಇದೆ. ಜನವರಿಯಿಂದ ಬೇಸಿಗೆ ಶುರುವಾಗುವವರೆಗೆ ರಾತ್ರಿ ನೀಲಾಂಕರೈಯಿಂದ ಬೆಸೆಂಟ್ ನಗರದವರೆಗೆ ಮರಳಿನಲ್ಲಿ ನಡೆಯುತ್ತಾರೆ, ಆರೇಳು ಕಿಲೋಮೀಟರ್.

ಟ್ರ್ಯಾಕ್ಟರ್ ಚಕ್ರದ ಹಾಗೆ ಮರಳಿನಲ್ಲಿ ಗುರುತು ಕಂಡರೆ ಆಮೆ ಬಂದು ಹೋಗಿದೆ ಅಂತ ಅರ್ಥ. ಒಂದು ಕೋಲಿನಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಗಟ್ಟಿ, ಗಟ್ಟಿ, ಒಂದು ಕಡೆ ಕೋಲು ಸರ್ರನೆ ಇಳಿಯುತ್ತದೆ. ಅಲ್ಲಿ ಕೈಯಲ್ಲಿ ತೋಡಬೇಕು. ಮೊಣಕೈ ಮುಳುಗುವಷ್ಟು ಆಳದಲ್ಲಿ ಪಿಂಗ್‌ಪಾಂಗ್ ಚೆಂಡಿನಂಥ ಮೊಟ್ಟೆ, ಅಂಟಂಟು, ಬೆಚ್ಚಗೆ. ನೂರರ ಆಸುಪಾಸು. ನಾಯಿ ಬರುವ ಮೊದಲು ಎಣಿಸಿ ಚೀಲಕ್ಕೆ ಹಾಕಿ, ಬೇಲಿ ಹಾಕಿದ ಜಾಗದಲ್ಲಿ ಅದೇ ಆಳದ ಗುಂಡಿ ತೋಡಿ ಇಡಬೇಕು. ಒಂದೂವರೆ ಎರಡು ತಿಂಗಳಿಗೆ ಮರಿ. ಇದನ್ನು ಮಾಡಲು ಡಿಗ್ರಿ ಬೇಡ, ನಿದ್ದೆಗೆಡುವ ಜನ ಬೇಕು. ಮಹಾರಾಷ್ಟ್ರದ ವೇಳಾಸ್‌ನಲ್ಲಿ 2002ರಿಂದ ಇದೇ ಕೆಲಸ, ಆದರೆ ಊರಿನವರೇ ಮಾಡುತ್ತಾರೆ. ನೋಡಲು ಬಂದವರು ಅವರ ಮನೆಯಲ್ಲೇ ಉಳಿದು ಊಟ ಮಾಡುತ್ತಾರೆ. ದುಡ್ಡು ನೇರ ಅಡುಗೆಮನೆಗೆ.

ಅತಿಯಾಗಿ ಹೊಗಳುವುದೂ ಬೇಡ. 2025ರ ಜನವರಿಯಲ್ಲಿ ಚೆನ್ನೈ ದಂಡೆಗೆ ಸತ್ತ ಆಮೆಗಳು ನೂರಾರು ಬಂದು ಬಿದ್ದವು. ಟ್ರಾಲರ್ ಬಲೆಗೆ ಸಿಕ್ಕಿ ಉಸಿರುಗಟ್ಟಿ ಸತ್ತದ್ದು. ಇಪ್ಪತ್ತು ರಾತ್ರಿ ನಡೆದು ಉಳಿಸಿದ್ದು ಒಂದು ಬಲೆಗೆ ಸಮ. ಆವತ್ತು ವಾಸನೆ ತಡೆಯಲಾಗದೆ ಅರ್ಧಕ್ಕೆ ವಾಪಸ್ ಬಂದೆ.

ದೇಶ ಸುತ್ತು

ನಾಗಾಲ್ಯಾಂಡ್ ಕಥೆಯೂ ಇಂಥದ್ದೇ. 2012ರಲ್ಲಿ ದೊಯಾಂಗ್ ಜಲಾಶಯದ ಹತ್ತಿರ ವಲಸೆ ಬರುವ ಅಮುರ್ ಚಾಣ ಹಕ್ಕಿಗಳನ್ನು ಬಲೆ ಹಾಕಿ ಲಕ್ಷಗಟ್ಟಲೆ ಕೊಲ್ಲುತ್ತಿದ್ದರು. ಬೆಂಗಳೂರಿನ ರಾಮ್ಕಿ ಶ್ರೀನಿವಾಸನ್, ನಾಗಾಲ್ಯಾಂಡಿನ ಬಾನೊ ಹರಾಲು ಮತ್ತವರ ಜೊತೆಗಾರರು ಅದನ್ನು ಹೊರಗೆ ತಂದರು. ಮುಂದಿನ ವರ್ಷವೇ ಪಾಂಗ್ಟಿ ಊರಿನವರು ಬಲೆ ಕಟ್ಟಿಟ್ಟರು. ನಿಲ್ಲಿಸಿದ್ದು ಊರಿನ ಹಿರಿಯರು, ಚರ್ಚಿನವರು ಕೂತು ಮಾತಾಡಿ.

ನೋಡಿ, ನಾನು ಹೇಳಿದ್ದು ಅದೇ. ನಮ್ಮಲ್ಲೇ ಬೇಕಾದಷ್ಟಿದೆ.

ಲೆಕ್ಕದ ಪುಸ್ತಕ

ಅಪ್ಪನವರೇ, ಶುಲ್ಕ ತೆಗೆದುಕೊಂಡರೆ ಮೋಸ ಅಂತ ನಾನು ಹೇಳುವುದಿಲ್ಲ. ಸ್ವಯಂಸೇವಕ ತಿನ್ನುವ ಅನ್ನಕ್ಕೂ ಮಲಗುವ ಹಾಸಿಗೆಗೂ ಖರ್ಚಿದೆ. ಕೆಲವು ಒಳ್ಳೇ ಸಂಶೋಧನೆಗಳು ಆ ದುಡ್ಡಿನಲ್ಲೇ ನಡೆಯುತ್ತವೆ. ಏಜೆನ್ಸಿಗೆ ಒಂದು ಮೇಲ್ ಹಾಕಿ. ಈ 88ರಲ್ಲಿ ಊರಿಗೆ ಎಷ್ಟು ಸೇರುತ್ತದೆ, ಸ್ವಯಂಸೇವಕರೇ ಬಾರದ ತಿಂಗಳಲ್ಲಿ ಆ ಕೆಲಸ ಯಾರು ಮಾಡುತ್ತಾರೆ ಅಂತ ಕೇಳಿ. ಮಳೆಗಾಲದಲ್ಲಿ ಕೆಲಸವೇ ನಿಂತು ಹೋದರೆ ಅದು ಪ್ರವಾಸದ ಸೀಸನ್, ಸಂರಕ್ಷಣೆ ಅಲ್ಲ.

ಅದೇ ಮಗಳು

ಅಪ್ಪಾ. ಕುವೆಂಪುನಗರ, ಎನ್ನೆಸ್ಸೆಸ್, ಅನ್ನ ಸಾಂಬಾರು. ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ? ನನ್ನ ಗೆಳತಿ ಲಿಂಕ್ ಕಳಿಸಿದಳು.

ಎಲ್ಲ ಓದಿದೆ. ಆ ಎರಡು ಪ್ರಶ್ನೆ ಏಜೆನ್ಸಿಗೆ ನಾನೇ ಕಳಿಸಿದೆ. ಊರಿಗೆ ಎಷ್ಟು ಅನ್ನುವುದಕ್ಕೆ ‘ಆಂತರಿಕ ಮಾಹಿತಿ’ ಅಂತ ಉತ್ತರ ಬಂತು. ಮಳೆಗಾಲದ ಪ್ರಶ್ನೆಗೆ ಉತ್ತರ ಇಲ್ಲ, ಬದಲಿಗೆ ‘ಈ ವಾರ ಬುಕ್ ಮಾಡಿದರೆ ಶೇಕಡ 15 ರಿಯಾಯಿತಿ’ ಅಂತ ಇನ್ನೊಂದು ಮೇಲ್.

ಆದರೆ ಒಂದು ಮಾತು. ನಿಮಗೆಲ್ಲ ಕಾಡು, ಊರು, ಅನುಭವ ಇದೆ. ನನಗೆ ಇರುವುದು ಎರಡು ವಾರ ಮತ್ತು ಆಸಕ್ತಿ. ನಾಗರಹೊಳೆಗೆ ತರಬೇತಿ, ಪರೀಕ್ಷೆ ಅಂದಿರಿ. ಅದೂ ಕರೆದಾಗ ಮಾತ್ರ. ಚೆನ್ನೈ ಆಮೆಗೆ ಜನವರಿವರೆಗೆ ಕಾಯಬೇಕು. ಶುರು ಎಲ್ಲಿಂದ ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಹೋಗಬೇಡ ಅನ್ನುವುದು ಸುಲಭ.

ಧಾರವಾಡ ಪೇಡಾ

ಸರಿಯಾಗಿ ಹೇಳಿದೆಯಮ್ಮ. ಚಿತ್ವನ್ ನೋಡಲೇಬೇಕು ಅಂತಿದ್ದರೆ ಪ್ರವಾಸಿಯಾಗಿಯೇ ಹೋಗು, ಅದರಲ್ಲಿ ನಾಚಿಕೆ ಏನಿಲ್ಲ. ಅಮಲ್ತಾರಿ ಅಂತ ಊರು, ಕಾವಾಸೋತಿ ಕಡೆ. 2013ರಿಂದ ಅಲ್ಲಿ ಥಾರು, ಬೋಟೆ, ಮುಸಹರ್ ಜನ ಮನೆಯಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳುತ್ತಾರೆ. ನಾಲ್ಕು ದಿನ ಇರು, ತಿಂದದ್ದಕ್ಕೆ ದುಡ್ಡು ಕೊಡು, ಅವರು ಹೇಳಿದ್ದು ಕೇಳು. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ. ಆಧಾರ್ ನಡೆಯುವುದಿಲ್ಲ, ಏರ್‌ಪೋರ್ಟಿನಿಂದ ವಾಪಸ್ ಬಂದವರನ್ನು ನೋಡಿದ್ದೇನೆ.

ಚಿಟ್ಟೆ

ಬಸವನಹುಳು ಮಾತ್ರ ನೆನಪಿರಲಿ.

ಕೋಟೆ ಹುಡುಗ

ತಂಗಿ, ಶುರು ಎಲ್ಲಿಂದ ಅಂದೆಯಲ್ಲ. ನಮ್ಮಲ್ಲಿ ಈಗ ರಾಗಿ ತೆನೆ ಕಟ್ಟಿದೆ. ಕೊಯ್ಲಿನವರೆಗೆ ಪ್ರತಿ ರಾತ್ರಿ ಅಟ್ಟಣೆ ಮೇಲೆ ಕಾವಲು. ನಮ್ಮಮ್ಮನೂ ಬರುತ್ತಾರೆ, ಚಿಕ್ಕಮ್ಮನೂ ಬರುತ್ತಾರೆ. ಒಂದು ವಾರ ಬಂದು ಕೂತು ನೋಡು. ಆನೆ ಯಾವ ಹೊತ್ತಿಗೆ, ಯಾವ ಕಡೆಯಿಂದ, ಎಷ್ಟು ಬಂತು, ಬೇಲಿ ಎಲ್ಲಿ ಕೆಟ್ಟಿದೆ ಅಂತ ಬರೆದಿಡಲು ನಮಗೆ ಒಬ್ಬರು ಬೇಕು. ನಾವು ಕೂಗಾಡುವುದರಲ್ಲೇ ಇರುತ್ತೇವೆ, ಬರೆಯಲು ಆಗುವುದಿಲ್ಲ. ಮುಂದಿನ ಸಲ ಕಂದಕದ ಅರ್ಜಿ ಹಾಕುವಾಗ ಆ ಪುಸ್ತಕ ಇದ್ದರೆ ನಮ್ಮ ಮಾತಿಗೆ ಬೆಲೆ ಬರುತ್ತದೆ. ಹಗಲು ಮಲಗಬಹುದು. ಅಪ್ಪನವರೂ ಬರಲಿ, ಮೊದಲು ಬಂದು ಮನೆ ನೋಡಿಕೊಂಡು ಹೋಗಲಿ.

ಕುವೆಂಪುನಗರದ ಅಪ್ಪ

ಬಹಳ ಸಂತೋಷ ಕಣಪ್ಪ. ಭಾನುವಾರ ಬರಬಹುದಾ? ಶುಲ್ಕ ಎಷ್ಟು ಅಂತ ಈಗಲೇ ಕೇಳಿಬಿಡುತ್ತೇನೆ, ಅಭ್ಯಾಸ ಆಗಿಹೋಗಿದೆ.

ಕೋಟೆ ಹುಡುಗ

ಭಾನುವಾರ ಬನ್ನಿ ಸರ್. ಶುಲ್ಕ ಏನಿಲ್ಲ, ಇಬ್ಬರಿಗೂ ಒಂದೊಂದು ದಪ್ಪ ಕಂಬಳಿ ತನ್ನಿ. ಎರಡು ಗಂಟೆ ಮೇಲೆ ಚಳಿ ಜಾಸ್ತಿ. ಸರ್ಟಿಫಿಕೇಟ್ ಕೊಡಲು ಆಗುವುದಿಲ್ಲ.

ಸೋಮಾರಿ ಸಿದ್ದ

ಹಗಲು ಮಲಗಬಹುದು ಅಂದಿರಲ್ಲ, ಆ ಭಾಗಕ್ಕೆ ಮಾತ್ರ ನಾನೂ ಬರಬಹುದಾ?